ಎರವಲು ಕೋಣೆಯ ಸಂಸತ್ತು

ಬೆಂಕಿ ಎರಡು ಕಡೆ, ನೀರು ಒಂದೇ ಕಡೆಗೆ ಸಾಲುವಷ್ಟು. 1941ರ ಮೇ 10ರ ಶನಿವಾರ ರಾತ್ರಿ ಲಂಡನ್ನಿನ ಸಂಸತ್ ಭವನದ ಅಂಗಳದಲ್ಲಿ ಪೈಪು ಹಿಡಿದು ನಿಂತಿದ್ದ ಅಗ್ನಿಶಾಮಕ ದಳದವರ ಮುಂದಿದ್ದದ್ದು ಇಷ್ಟೇ ಲೆಕ್ಕ. ಒಂದು ಕಡೆ ಕಾಮನ್ಸ್ ಸಭೆಯ ಸಭಾಂಗಣ ಉರಿಯುತ್ತಿತ್ತು. ಜನ ಆರಿಸಿ ಕಳಿಸಿದವರು ಕೂರುವ ಜಾಗ ಅದು. ಮೂರು ದಿನದ ಹಿಂದಷ್ಟೇ ಪ್ರಧಾನಿ ಚರ್ಚಿಲ್ ಅಲ್ಲಿ ನಿಂತು, ಯುದ್ಧ ನಡೆಸುತ್ತಿರುವ ರೀತಿಯ ಬಗ್ಗೆ ಸಮಜಾಯಿಷಿ ಕೊಟ್ಟು, 447 ಮತಗಳ ವಿಶ್ವಾಸ ಪಡೆದಿದ್ದರು. ವಿರುದ್ಧ ಬಿದ್ದದ್ದು ಮೂರೇ ಮೂರು. ಇನ್ನೊಂದು ಕಡೆ ವೆಸ್ಟ್‌ಮಿನ್‌ಸ್ಟರ್ ಹಾಲ್ ಎಂಬ ಹಳೇ ಕಾಲದ ಭಾರೀ ಪಡಸಾಲೆಯ ಮರದ ಚಾವಣಿಗೆ ಬೆಂಕಿ ಹತ್ತಿತ್ತು. ಅಲ್ಲಿ ಯಾವ ಸಭೆಯೂ ಕೂರುವುದಿಲ್ಲ, ಯಾವ ಕಾನೂನೂ ಆಗುವುದಿಲ್ಲ.

ಯಾವುದನ್ನು ಉಳಿಸಬೇಕು?

ಕಚೇರಿಯ ಕಡತದಲ್ಲಿ ಈ ಪ್ರಶ್ನೆ ಬಂದಿದ್ದರೆ ಉತ್ತರ ಸುಲಭವಿತ್ತು: ಕೆಲಸ ನಡೆಯುವ ಜಾಗ ಮೊದಲು. ಆ ರಾತ್ರಿ ಆದದ್ದು ಅದರ ತಿರುವುಮುರುವು. ಹಿಂದೆ ಮಂತ್ರಿಯಾಗಿದ್ದ ವಾಲ್ಟರ್ ಎಲಿಯಟ್ ಎಂಬ ಸಂಸದ ಅಲ್ಲಿಗೆ ಧಾವಿಸಿ ಬಂದಿದ್ದರು. ಸಭಾಂಗಣವನ್ನು ಬೇಕಾದರೆ ಮತ್ತೆ ಕಟ್ಟಬಹುದು, ಈ ಚಾವಣಿಯನ್ನು ಮತ್ತೆ ಕಟ್ಟುವವರು ಹುಟ್ಟುವುದಿಲ್ಲ, ನೀರನ್ನು ಹಾಲ್ ಕಡೆ ತಿರುಗಿಸಿ ಎಂಬುದು ಅವರ ಮಾತಿನ ಸಾರ. ಬೀಗ ಹಾಕಿದ್ದ ಬಾಗಿಲನ್ನು ಕೊಡಲಿಯಿಂದ ಒಡೆದು ಪೈಪು ಎಳೆಯಲು ದಾರಿ ಮಾಡಿದವರೂ ಅವರೇ. ಬೆಳಗಾಗುವ ಹೊತ್ತಿಗೆ ಹಾಲ್‌ನ ಚಾವಣಿಯಲ್ಲಿ ಒಂದೆರಡು ಕಡೆ ಆಕಾಶ ಕಾಣುತ್ತಿತ್ತು, ನೆಲದ ಮೇಲೆ ಕರಿ ನೀರು ನಿಂತಿತ್ತು, ಆದರೆ ಹಾಲ್ ಉಳಿದಿತ್ತು. ಕಾಮನ್ಸ್ ಸಭಾಂಗಣದಲ್ಲಿ ಸ್ಪೀಕರ್ ಪೀಠವೂ ಇರಲಿಲ್ಲ, ಹಸಿರು ಬೆಂಚುಗಳೂ ಇರಲಿಲ್ಲ. ಸುಟ್ಟ ತೊಲೆ, ಸೊಟ್ಟಗಾದ ಕಬ್ಬಿಣ, ಕಲ್ಲಿನ ಗುಡ್ಡೆ.

ರಾಜಧಾನಿಯ ಮೇಲೆ ಬಾಂಬ್ ಬಿದ್ದಾಗ ಸರ್ಕಾರಿ ಕಟ್ಟಡಗಳಿಗೆ ಆದ ಹಾನಿಯನ್ನು ಸಾಮಾನ್ಯವಾಗಿ ಬಿದ್ದ ಗೋಡೆಗಳಿಂದ ಅಳೆಯುತ್ತಾರೆ. ನನಗೆ ಆ ಅಳತೆಗೋಲಿನ ಮೇಲೆ ಅಷ್ಟು ನಂಬಿಕೆ ಇಲ್ಲ. ಯಾವುದನ್ನು ಸುಡಲು ಬಿಟ್ಟರು, ಮರುದಿನ ಸಭೆ ಎಲ್ಲಿ ಕೂತಿತು, ಆಮೇಲೆ ಹೇಗೆ ಕಟ್ಟಿಕೊಂಡರು ಎಂದು ಕೇಳಿದರೆ ಹಾನಿಯ ಜೊತೆಗೆ ಆ ಸರ್ಕಾರದ ಜಾತಕವೂ ಸಿಗುತ್ತದೆ. ಲಂಡನ್ನಿನ ಈ ಕಥೆಯ ಒಂದು ತುದಿ ನಮ್ಮ ಊರಿನವರೆಗೂ ಬರುತ್ತದೆ. ಅದು ಕೊನೆಗೆ.

ಮೊದಲು ಆ ಹಾಲ್. ಅದರ ಗೋಡೆಗಳು ಎದ್ದದ್ದು 1097ರ ಸುಮಾರಿಗೆ, ಇಲ್ಲಿ ಕಲ್ಯಾಣದಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ. 240 ಅಡಿ ಉದ್ದ, 68 ಅಡಿ ಅಗಲ. ಮುನ್ನೂರು ವರ್ಷಗಳ ನಂತರ ಎರಡನೇ ರಿಚರ್ಡ್ ದೊರೆ ಅದಕ್ಕೆ ಹೊಸ ಓಕ್ ಮರದ ಚಾವಣಿ ಹಾಕಿಸಿದ. ಹ್ಯೂ ಹರ್ಲೆಂಡ್ ಎಂಬ ಬಡಗಿಯ ಕೆಲಸ ಅದು. ನಡುವೆ ಒಂದೂ ಕಂಬ ಇಲ್ಲದೆ ಅಷ್ಟು ಅಗಲವನ್ನು ಮರದಲ್ಲಿ ದಾಟಿಸುವುದು ಹುಡುಗಾಟವಲ್ಲ, ಯಾಕೆಂದರೆ ಅಷ್ಟು ಉದ್ದದ ತೊಲೆ ಓಕ್ ಮರದಲ್ಲಿ ಸಿಗುವುದಿಲ್ಲ. ಮಲೆನಾಡಿನ ಹಳೇ ಮನೆಗಳಲ್ಲಿ ಸೂರು ಮುಂದಕ್ಕೆ ಚಾಚುವಾಗ ಗೋಡೆಯಿಂದ ಮರದ ಕೈ ಕೊಟ್ಟಿರುತ್ತಾರಲ್ಲ, ಹಾಗೆ ಎರಡೂ ಗೋಡೆಗಳಿಂದ ದಪ್ಪ ಕೈಗಳನ್ನು ಹೊರಗೆ ಚಾಚಿ, ಅವುಗಳ ತುದಿಯ ಮೇಲೆ ಮತ್ತೆ ಕಂಬ, ಕಂಬದ ಮೇಲೆ ಕಮಾನು ಎಂದು ಮೆಟ್ಟಿಲು ಮೆಟ್ಟಿಲಾಗಿ ನಡುವಿಗೆ ತಂದು ಕೂಡಿಸಿದ. ಆರುನೂರು ಟನ್ನಿಗೂ ಮೀರಿದ ಮರ ಅಲ್ಲಿದೆ.

ಆ ಚಾವಣಿಯ ಕೆಳಗೆ ಒಂದನೇ ಚಾರ್ಲ್ಸ್ ದೊರೆಗೆ ಮರಣದಂಡನೆ ವಿಧಿಸಿದರು. ನಮಗೆ ಹತ್ತಿರದ ವಿಚಾರಣೆ ಇನ್ನೊಂದಿದೆ. ವಾರನ್ ಹೇಸ್ಟಿಂಗ್ಸ್ ಭಾರತದಲ್ಲಿ ಮಾಡಿದ್ದಕ್ಕೆ ಲೆಕ್ಕ ಕೊಡಬೇಕು ಎಂದು ಸಂಸದ ಎಡ್ಮಂಡ್ ಬರ್ಕ್ ಹಟ ಹಿಡಿದು 1788ರಲ್ಲಿ ಅವನನ್ನು ಕಟಕಟೆಗೆ ತಂದದ್ದು ಇದೇ ಹಾಲ್‌ನಲ್ಲಿ. ಹೈದರಾಲಿಯೊಂದಿಗೆ ಎರಡನೇ ಮೈಸೂರು ಯುದ್ಧ ನಡೆದಾಗ ಗವರ್ನರ್ ಜನರಲ್ ಆಗಿದ್ದವನು ಆತ. ವಿಚಾರಣೆ ಏಳು ವರ್ಷ ಎಳೆಯಿತು. ಅದು ಎಳೆಯುತ್ತಿರುವಾಗಲೇ ಇಲ್ಲಿ ಮೂರನೇ ಯುದ್ಧವೂ ನಡೆದು, ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡು, ಮಕ್ಕಳನ್ನು ಒತ್ತೆ ಇಟ್ಟದ್ದೂ ಆಯಿತು. 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ. ಪ್ರೇಕ್ಷಕರಿಗೆ ಅಷ್ಟು ಹೊತ್ತಿಗೆ ಆಸಕ್ತಿಯೇ ಹೊರಟುಹೋಗಿತ್ತು. ನಮ್ಮ ಕೋರ್ಟುಗಳ ವಾಯಿದೆಗಳನ್ನು ಬಯ್ಯುವಾಗ ಇದನ್ನೂ ನೆನೆಸಿಕೊಳ್ಳಬಹುದು.

1941ರ ಆ ತೀರ್ಮಾನ ಮೊದಲ ಬಾರಿಯದಲ್ಲ ಎಂಬುದು ಇಲ್ಲಿನ ಸ್ವಾರಸ್ಯ. 1834ರ ಅಕ್ಟೋಬರ್ 16ರಂದು ಇದೇ ಜಾಗದ ಹಿಂದಿನ ಸಂಸತ್ ಭವನ ಸುಟ್ಟು ಹೋಗಿತ್ತು. ಶತ್ರು ಯಾರೂ ಇರಲಿಲ್ಲ, ಗುಜರಿ ಸುಡುವ ಉತ್ಸಾಹ ಮಾತ್ರ ಇತ್ತು. ನಮ್ಮಲ್ಲಿ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದ ಹಾಗೆ, ಬ್ರಿಟಿಷ್ ಖಜಾನೆ ಶತಮಾನಗಳ ಕಾಲ ಕೋಲಿನ ಮೇಲೆ ಕಚ್ಚು ಹಾಕಿ ಕಂದಾಯದ ಲೆಕ್ಕ ಇಡುತ್ತಿತ್ತು. ಆ ಪದ್ಧತಿ ನಿಂತ ಮೇಲೆ ಉಳಿದ ಎರಡು ಗಾಡಿ ಕೋಲುಗಳನ್ನು ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಕೆಳಗಿನ ಒಲೆಗೆ ತುರುಕಿದರು. ಹೊಗೆಕೊಳವೆ ಕಾದು ಕೆಂಪಾಗಿ, ಸಂಜೆ ಹೊತ್ತಿಗೆ ಎರಡೂ ಸದನಗಳು ಹೊತ್ತಿಕೊಂಡವು. ಅಂದು ಸ್ಥಳದಲ್ಲಿದ್ದ ಮಂತ್ರಿ ಲಾರ್ಡ್ ಆಲ್ಥಾರ್ಪ್, ಕಾಮನ್ಸ್ ಸಭೆ ಹಾಳಾಗಿ ಹೋಗಲಿ, ಹಾಲ್ ಉಳಿಸಿ ಎಂದು ಕೂಗಿದ್ದು ಪ್ರಸಿದ್ಧ. ಹಾಲ್ ಉಳಿಯಿತು. ಇಂದು ನಾವು ಚಿತ್ರಗಳಲ್ಲಿ ನೋಡುವ ಗೋಥಿಕ್ ಭವನವನ್ನು ಚಾರ್ಲ್ಸ್ ಬ್ಯಾರಿ ಮತ್ತು ಪ್ಯೂಜಿನ್ ಅದರ ಸುತ್ತ ಕಟ್ಟಿದರು. ಅಂದರೆ ಆ ಊರಿನವರು ಒಂದೇ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಒಂದೇ ಉತ್ತರ ಬರೆದರು.

ಈಗ ಆ ಮೇ ರಾತ್ರಿಗೆ ಬರೋಣ. 1940ರ ಸೆಪ್ಟೆಂಬರ್ 7ರಿಂದ ಸತತ 57 ರಾತ್ರಿ ಲಂಡನ್ ಬಾಂಬ್ ತಿಂದಿತ್ತು. ಆಮೇಲೂ ಬಿಟ್ಟು ಬಿಟ್ಟು ದಾಳಿ ನಡೆದಿತ್ತು. ಮೇ 10ರದ್ದು ಅವುಗಳಲ್ಲೆಲ್ಲ ಘೋರ. ಹುಣ್ಣಿಮೆಯ ಬೆಳಕು. ಊರಿಡೀ ದೀಪ ಆರಿಸಿ ಕೂತರೂ ಥೇಮ್ಸ್ ನದಿಯ ತಿರುವುಗಳನ್ನು ಮುಚ್ಚಿಡುವ ಪರದೆ ಯಾರ ಬಳಿಯೂ ಇರಲಿಲ್ಲ. ಬೆಳದಿಂಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಆ ನದಿಯೇ ಪೈಲಟ್‌ಗಳಿಗೆ ಭೂಪಟ. ನದಿ ದಂಡೆಯ ಮೇಲೇ ಸಂಸತ್ತು. ಇಷ್ಟು ಸಾಲದು ಎಂಬಂತೆ ಅಂದು ನದಿಯಲ್ಲಿ ಇಳಿತ. ನೀರು ದಡದಿಂದ ದೂರ ಸರಿದು ಕೆಸರು ಉಳಿದಿತ್ತು. ಬಾಂಬ್ ಬಿದ್ದು ನೆಲದಡಿಯ ನೀರಿನ ಕೊಳವೆಗಳು ಒಡೆದಿದ್ದವು. ನೀರು ಒಂದೇ ಕಡೆಗೆ ಸಾಲುವಷ್ಟು ಇದ್ದದ್ದು ಈ ಕಾರಣಕ್ಕೆ.

ಕಟ್ಟಡಗಳನ್ನು ಹೆಚ್ಚಾಗಿ ಸುಟ್ಟದ್ದು ದೊಡ್ಡ ಬಾಂಬ್‌ಗಳಲ್ಲ, ಮೊಳಕೈ ಉದ್ದವೂ ಇಲ್ಲದ ಬೆಂಕಿ ಬಾಂಬ್‌ಗಳು. ಒಂದೊಂದೂ ಒಂದು ಕಿಲೋ ತೂಕ. ಮೆಗ್ನೀಸಿಯಂ ಕೊಳವೆಯೊಳಗೆ ಥರ್ಮೈಟ್ ಪುಡಿ. ನೂರುಗಟ್ಟಲೆ ಒಟ್ಟಿಗೆ ಉದುರುತ್ತಿದ್ದವು. ಬಿದ್ದ ಕೂಡಲೇ ಕಂಡರೆ ಒಬ್ಬ ಮನುಷ್ಯ ಒಂದು ಬಕೆಟ್ ಮರಳು ಸುರಿದು, ಕೈಪಂಪಿನಿಂದ ನೀರು ಹಾಯಿಸಿ ಆರಿಸಬಹುದಾದ ವಸ್ತು. ಕಾಣದಿದ್ದರೆ ಅದೇ ಅರಮನೆ ಸುಡುತ್ತದೆ. ಅದು ಹೆಂಚು ಸೀಳಿಕೊಂಡು ಚಾವಣಿಗೂ ಒಳಮಾಳಿಗೆಗೂ ನಡುವಿನ ಕತ್ತಲಲ್ಲಿ ಸಿಕ್ಕಿಕೊಂಡರೆ, ಕೆಳಗಿನವರಿಗೆ ಗೊತ್ತಾಗುವಾಗ ಹೊತ್ತು ಮೀರಿರುತ್ತದೆ. ಸರ್ಕಾರಿ ಕಟ್ಟಡಗಳ ದೌರ್ಬಲ್ಯ ಇಲ್ಲೇ ಇರುವುದು. ಮನೆಯಲ್ಲಿ ರಾತ್ರಿ ಯಾರಾದರೂ ಇರುತ್ತಾರೆ, ಕಚೇರಿಯಲ್ಲಿ ಶನಿವಾರ ರಾತ್ರಿ ಯಾರಿರುತ್ತಾರೆ? ಹಾಗಾಗಿ ಬೆಂಕಿ ಕಾವಲನ್ನು ಬ್ರಿಟನ್ ಕಡ್ಡಾಯ ಮಾಡಿತ್ತು. ಸಂಸತ್ ಭವನದ ಮಾಡಿನ ಮೇಲೆ ಸರದಿಯಂತೆ ಹೆಲ್ಮೆಟ್ ಹಾಕಿಕೊಂಡು ಕೂರುತ್ತಿದ್ದವರಲ್ಲಿ ಸಂಸದರೂ ಇದ್ದರು.

ಆ ರಾತ್ರಿ ಸಂಸತ್ ಭವನದ ಮೇಲೆ ಬಿದ್ದ ಬಾಂಬ್‌ಗಳು ಕನಿಷ್ಠ ಹನ್ನೆರಡು. ಒಳಗೆ ಮೂವರು ಸತ್ತರು. ಲಾರ್ಡ್ಸ್ ಸಭೆಗೆ ಬಿದ್ದ ಬಾಂಬ್ ನೆಲ ತೂತು ಮಾಡಿಕೊಂಡು ಹೋಯಿತು, ಸಿಡಿಯಲಿಲ್ಲ. ಇದನ್ನು ನೆನಪಿಡಿ, ಮುಂದಿನ ಕಥೆಯೆಲ್ಲ ಈ ಸಿಡಿಯದ ಬಾಂಬಿನ ಮೇಲೆ ನಿಂತಿದೆ. ಗಡಿಯಾರದ ಗೋಪುರದ ದಕ್ಷಿಣ ಮುಖದ ಗಾಜೆಲ್ಲ ಉದುರಿತು, ಮುಳ್ಳುಗಳು ಮಾತ್ರ ತಮ್ಮ ಪಾಡಿಗೆ ತಿರುಗುತ್ತಲೇ ಇದ್ದವು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ನಡುಚಾವಣಿ ಕುಸಿಯಿತು, ಬ್ರಿಟಿಷ್ ಮ್ಯೂಸಿಯಂನಲ್ಲಿ ಎರಡೂವರೆ ಲಕ್ಷ ಪುಸ್ತಕಗಳು ಹೋದವು. ಊರಿನಲ್ಲಿ ಒಂದೇ ರಾತ್ರಿ ಸತ್ತವರು 1,400ಕ್ಕೂ ಹೆಚ್ಚು. ಕಟ್ಟಡಗಳ ಬಗ್ಗೆ ಬರೆಯುವಾಗ ಈ ಸಂಖ್ಯೆ ಒಂದು ವಾಕ್ಯವಾಗಿ ಮುಗಿದುಹೋಗುತ್ತದೆ ಎಂಬ ಅಳುಕು ನನಗಿದೆ.

ಯುದ್ಧ ಮುಗಿಯುವುದರೊಳಗೆ ಆ ಭವನಕ್ಕೆ ಒಟ್ಟು ಹದಿನಾಲ್ಕು ಸಲ ಬಾಂಬ್ ತಾಗಿತು. ಮೊದಲನೆಯದು 1940ರ ಸೆಪ್ಟೆಂಬರಿನಲ್ಲಿ, ಅಂಗಳದಲ್ಲಿದ್ದ ಸಿಂಹಹೃದಯದ ರಿಚರ್ಡ್ ದೊರೆಯ ಕಂಚಿನ ಪ್ರತಿಮೆಯ ಹತ್ತಿರ ಬಿತ್ತು. ಕುದುರೆ ಸಮೇತ ಪ್ರತಿಮೆ ಪೀಠದಿಂದ ಮೇಲೆದ್ದು ಮತ್ತೆ ಕೂತಿತು. ಎತ್ತಿ ಹಿಡಿದಿದ್ದ ಕತ್ತಿ ಬಗ್ಗಿತು, ಮುರಿಯಲಿಲ್ಲ. ಬಗ್ಗಿದ ಆ ಕತ್ತಿಯನ್ನು ತೋರಿಸಿ, ನೋಡಿ ನಾವೂ ಹೀಗೇ ಎಂದು ಹೇಳಿಕೊಳ್ಳುವ ಅವಕಾಶವನ್ನು ಪ್ರಚಾರ ವಿಭಾಗದವರು ಬಿಡಲಿಲ್ಲ. ಸರ್ಕಾರಗಳಿಗೆ ಮುರಿಯದ ವಸ್ತುಗಳ ಮೇಲೆ ಬಹಳ ಪ್ರೀತಿ.

ನನಗೆ ಆ ಕತ್ತಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವುದು ಒಂದು ಅಡಿಗೆಮನೆಯ ಕಿಟಕಿ. 1940ರ ಅಕ್ಟೋಬರ್ 14ರ ರಾತ್ರಿ, ಪ್ರಧಾನಿ ನಿವಾಸವಾದ 10 ಡೌನಿಂಗ್ ಸ್ಟ್ರೀಟ್. ಚರ್ಚಿಲ್ ಕೆಳಮಹಡಿಯ ಕೋಣೆಯಲ್ಲಿ ಮೂವರು ಸಹೋದ್ಯೋಗಿಗಳ ಜೊತೆ ಊಟಕ್ಕೆ ಕೂತಿದ್ದರು. ದಾಳಿ ಆಗಲೇ ಶುರುವಾಗಿತ್ತು. ಅಡಿಗೆಮನೆಯ ಒಂದು ಗೋಡೆಯಲ್ಲಿ ನೆಲದಿಂದ ಮಾಳಿಗೆವರೆಗೆ ಇಪ್ಪತ್ತೈದು ಅಡಿ ಎತ್ತರದ ಗಾಜಿನ ಕಿಟಕಿ, ಅದರ ಮುಂದೆ ನಿಂತು ಅಡಿಗೆಯ ಜಾರ್ಜಿನಾ ಲ್ಯಾಂಡ್‌ಮೇರ್ ಮತ್ತು ಸಹಾಯಕಿ ಕೆಲಸ ಮಾಡುತ್ತಿದ್ದರು. ಚರ್ಚಿಲ್‌ಗೆ ಏನನ್ನಿಸಿತೋ, ಎದ್ದು ಹೋಗಿ, ಊಟವನ್ನು ಬಿಸಿ ತಟ್ಟೆಯ ಮೇಲೆ ಊಟದ ಕೋಣೆಯಲ್ಲಿ ಇಟ್ಟು ಎಲ್ಲರೂ ಆಸರೆಗೆ ಹೋಗಿ ಎಂದು ಹೇಳಿ ಬಂದು ಮತ್ತೆ ಕೂತರು. ಮೂರು ನಿಮಿಷಕ್ಕೆ ಪಕ್ಕದ ಖಜಾನೆ ಕಚೇರಿಯ ಬಳಿ ಬಾಂಬ್ ಬಿತ್ತು. ಹೋಗಿ ನೋಡಿದರೆ ಅಡಿಗೆಮನೆ ಎಂಬುದು ಇಟ್ಟಿಗೆ ಪುಡಿಯ ಗುಡ್ಡೆ. ಎದುರಿನ ಗೋಡೆಗೆ ಗಾಜಿನ ಚೂರುಗಳು ಕತ್ತಿಗಳಂತೆ ನಾಟಿದ್ದವು. ಆಚೆ ಖಜಾನೆಯಲ್ಲಿ ರಾತ್ರಿ ಕಾವಲಿಗಿದ್ದ ನೌಕರರು ಸತ್ತಿದ್ದರು, ಅವರಿಗೆ ಮೊದಲೇ ಹೇಳುವವರು ಯಾರೂ ಇರಲಿಲ್ಲ.

ಗಾಜು ಎಂಬುದು ವಾಯುದಾಳಿಯಲ್ಲಿ ಶತ್ರು ಕಳಿಸದೇ ಇರುವ ಆಯುಧ. 1944ರ ಜೂನ್ 30ರಂದು ಆಲ್ಡ್‌ವಿಚ್‌ನಲ್ಲಿ ಒಂದು ಹಾರುಬಾಂಬ್ ಬಿದ್ದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಬಿದ್ದದ್ದು ವಾಯುಪಡೆಯ ಸಚಿವಾಲಯದ ಮುಂದೆಯೇ. ಆಕಾಶವನ್ನು ಕಾಯುವ ಇಲಾಖೆ ಅದು. ಏನು ಸದ್ದು ಎಂದು ಕಿಟಕಿಗೆ ಬಂದು ನೋಡಿದವರಿಗೂ ಅದು ಕಡೆಯ ನೋಟವಾಯಿತು.

ಅಡಿಗೆಮನೆ ಹೋದ ಮೇಲೆ ಚರ್ಚಿಲ್ ಬಹುಪಾಲು ವಾಸ್ತವ್ಯವನ್ನು ಹತ್ತಿರದ ಇನ್ನೊಂದು ಸರ್ಕಾರಿ ಕಟ್ಟಡಕ್ಕೆ ಬದಲಿಸಿದರು. ಅದರ ನೆಲಮಾಳಿಗೆಯಲ್ಲೇ ಯುದ್ಧದ ಕೋಣೆಗಳು. ಆ ಮಾಳಿಗೆ ನೇರ ಬಾಂಬ್ ತಡೆಯುವಷ್ಟು ಗಟ್ಟಿ ಅಲ್ಲ ಎಂದು ಗೊತ್ತಾದ ಮೇಲೆ ತಲೆಯ ಮೇಲೆ ದಪ್ಪ ಕಾಂಕ್ರೀಟ್ ಹಾಸು ಹಾಕಿಸಿದರು. ಅಲ್ಲಿನ ನಕಾಶೆ ಕೋಣೆಯ ದೀಪ 1939ರಲ್ಲಿ ಹತ್ತಿದ್ದು, ಆರು ವರ್ಷ ಹಗಲೂ ರಾತ್ರಿ ಉರಿದು, 1945ರ ಆಗಸ್ಟ್ 16ರಂದು ಆರಿತು.

ಮಂತ್ರಿಮಂಡಲ ನೆಲದ ಕೆಳಗೆ ಇಳಿಯಬಹುದು. ಆರುನೂರು ಜನ ಸಂಸದರನ್ನು ಎಲ್ಲಿ ಅಡಗಿಸುತ್ತೀರಿ? ಯುದ್ಧಕಾಲದಲ್ಲಿ ಸಂಸತ್ತೇ ಬೇಡ ಎನ್ನುವುದು ಸುಲಭದ ದಾರಿ, ಎಷ್ಟೋ ದೇಶಗಳು ಅದನ್ನೇ ಹಿಡಿದವು. ಬ್ರಿಟಿಷರು ಮಾಡಿದ್ದು ಇಷ್ಟು: ಸಭೆ ಸೇರುವ ದಿನಾಂಕ ಮೊದಲೇ ಪ್ರಕಟಿಸುವುದನ್ನು ನಿಲ್ಲಿಸಿದರು, ಕತ್ತಲಾಗುವ ಮುಂಚೆ ಮುಗಿಯುವಂತೆ ಬೆಳಗಿನಿಂದಲೇ ಕಲಾಪ ಇಟ್ಟುಕೊಂಡರು, ಮತ್ತು 1940ರ ನವೆಂಬರಿನಿಂದ ಕೆಲವು ದಿನ ಹತ್ತಿರದ ಚರ್ಚ್ ಹೌಸ್‌ನಲ್ಲಿ ಕೂರತೊಡಗಿದರು. ಅದು ಆಗಷ್ಟೇ ಕಟ್ಟಿ ಮುಗಿಸಿದ್ದ, ಇಂಗ್ಲೆಂಡಿನ ಚರ್ಚ್‌ನ ಆಡಳಿತ ಕಚೇರಿ. ಬಾಂಬ್ ಬಿದ್ದರೂ ಜಗ್ಗದೆ ನಿಂತು ತನ್ನ ಅರ್ಹತೆ ತೋರಿಸಿತ್ತು. ಪತ್ರಿಕೆಗಳಲ್ಲಿ ಅದರ ಹೆಸರು ಬರುವಂತಿರಲಿಲ್ಲ. ಒಳಗಿನವರು ಅದನ್ನು ‘ಅನೆಕ್ಸ್’ ಎನ್ನುತ್ತಿದ್ದರು, ಅಷ್ಟೇ.

ಈ ಚರ್ಚ್ ಹೌಸ್ ಕಟ್ಟಿದ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್. ಹೆಸರು ಎಲ್ಲೋ ಕೇಳಿದ ಹಾಗಿದೆಯೇ? ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್, ಮತ್ತು 2023ರವರೆಗೆ ನಮ್ಮ ಸಂಸತ್ತು ನಡೆದ ಆ ದುಂಡು ಭವನದ ಬೇಕರ್ ಇವರೇ. ತಮ್ಮ ಮನೆ ಸುಡುತ್ತಿರುವಾಗ ಬ್ರಿಟಿಷ್ ಸಂಸದರು ಆಸರೆ ಪಡೆದದ್ದು ನಮ್ಮ ಸಂಸತ್ ಭವನದ ಮೇಸ್ತ್ರಿಯ ಇನ್ನೊಂದು ಕಟ್ಟಡದಲ್ಲಿ.

ಸಭಾಂಗಣ ಸುಟ್ಟ ಶನಿವಾರದ ನಂತರದ ಮಂಗಳವಾರ ಕಾಮನ್ಸ್ ಸಭೆ ಸೇರಿತು. ಎರಡು ವಾರದ ನಂತರ, ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆ ಮುಳುಗಿದ ಚೀಟಿ ಚರ್ಚಿಲ್ ಕೈಗೆ ಬಂದದ್ದೂ ಚರ್ಚ್ ಹೌಸ್‌ನಲ್ಲೇ. ಜೂನ್‌ನಲ್ಲಿ ಇನ್ನೊಂದು ಏರ್ಪಾಡಾಯಿತು. ಆ ಸಿಡಿಯದ ಬಾಂಬಿನ ದಯೆಯಿಂದ ಉಳಿದಿದ್ದ ಲಾರ್ಡ್ಸ್ ಸಭೆಯ ಕೆಂಪು ಸಭಾಂಗಣವನ್ನು ಶ್ರೀಮಂತರು ಕಾಮನ್ಸ್‌ಗೆ ಬಿಟ್ಟುಕೊಟ್ಟರು. ತಾವು ರೋಬಿಂಗ್ ರೂಮ್‌ಗೆ ಸರಿದರು. ದೊರೆ ಸಂಸತ್ತಿಗೆ ಬಂದಾಗ ನಿಲುವಂಗಿ ತೊಟ್ಟು ಕಿರೀಟ ಇಟ್ಟುಕೊಳ್ಳುವ ಕೋಣೆ ಅದು. 1834ರ ಬೆಂಕಿಯ ನಂತರವೂ ಕಾಮನ್ಸ್ ಸದಸ್ಯರು ಲಾರ್ಡ್ಸ್ ಜಾಗದಲ್ಲೇ ಕೂತಿದ್ದರು. ಮೇಲ್ಮನೆಯವರು ಪಕ್ಕಕ್ಕೆ ಸರಿದು ಕೆಳಮನೆಗೆ ಜಾಗ ಕೊಡುವುದು, ಜನತಂತ್ರದ ಚರಿತ್ರೆಯನ್ನು ಕುರ್ಚಿ ಮೇಜುಗಳಲ್ಲಿ ಬರೆದಂತಿದೆ.

ಹೀಗಾಗದ ರಾಜಧಾನಿಯನ್ನೂ ಒಂದು ಕ್ಷಣ ನೋಡಬೇಕು. 1945ರ ಫೆಬ್ರವರಿ 3ರಂದು ಅಮೆರಿಕದ ವಿಮಾನಗಳು ಬರ್ಲಿನ್‌ನ ನಡುಭಾಗವನ್ನು, ಮಂತ್ರಾಲಯಗಳ ಬೀದಿ ಸಮೇತ, ಜಜ್ಜಿದವು. ಹಿಟ್ಲರನ ‘ಜನತಾ ನ್ಯಾಯಾಲಯ’ದ ಕಟ್ಟಡಕ್ಕೂ ಬಾಂಬ್ ಬಿತ್ತು. ಸಾವಿರಾರು ಜನರಿಗೆ ಕಿರುಚಾಡಿಕೊಂಡು ಗಲ್ಲು ಬರೆದಿದ್ದ ಅದರ ಅಧ್ಯಕ್ಷ ರೋಲಾಂಡ್ ಫ್ರೈಸ್ಲರ್ ಅಂದು ಸತ್ತ. ಅವನ ಮುಂದೆ ವಿಚಾರಣೆ ಎದುರಿಸಬೇಕಿದ್ದ ಫಾಬಿಯನ್ ಫಾನ್ ಶ್ಲಾಬ್ರೆಂಡಾರ್ಫ್ ಬದುಕಿಕೊಂಡು, ಮುಂದೆ ಪಶ್ಚಿಮ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯದ ನ್ಯಾಯಾಧೀಶರಾದರು. ಅಲ್ಲಿ ಬಾಂಬ್ ಬೀಳಿಸಿದ ಸರ್ಕಾರಿ ಕಟ್ಟಡದ ಬಗ್ಗೆ ಅಯ್ಯೋ ಎನ್ನುವವರು ಸಿಗುವುದು ಕಷ್ಟ. ಆ ನಗರದಲ್ಲಿ ಸಂಸತ್ತಿಗೆ ಬೆಂಕಿ ಬಿದ್ದದ್ದು ಹನ್ನೆರಡು ವರ್ಷ ಹಿಂದೆ, ವಿಮಾನಗಳಿಂದಲ್ಲ, ಒಳಗಿನಿಂದ. ಅದಕ್ಕೆ ಎರವಲು ಕೋಣೆ ಕೊಟ್ಟಿದ್ದರು, ಒಂದು ನಾಟಕಶಾಲೆ. ಕೋಣೆ ಇತ್ತು, ಪ್ರಶ್ನೆ ಕೇಳುವವರು ಉಳಿಯಲಿಲ್ಲ.

ಲಂಡನ್ನಿನಲ್ಲಿ ಯುದ್ಧ ಇನ್ನೂ ಅರ್ಧದಲ್ಲಿರುವಾಗಲೇ, 1943ರ ಅಕ್ಟೋಬರ್ 28ರಂದು, ಸುಟ್ಟ ಸಭಾಂಗಣವನ್ನು ಹೇಗೆ ಕಟ್ಟಬೇಕು ಎಂಬ ಚರ್ಚೆ ನಡೆಯಿತು. ಕಟ್ಟಡಗಳನ್ನು ನಾವು ರೂಪಿಸುತ್ತೇವೆ, ಆಮೇಲೆ ಅವು ನಮ್ಮನ್ನು ರೂಪಿಸುತ್ತವೆ ಎಂಬ ಅರ್ಥದ ಚರ್ಚಿಲ್ ಮಾತು ಬಂದದ್ದು ಅಂದು. ಇಂದು ಅದನ್ನು ರಿಯಲ್ ಎಸ್ಟೇಟ್ ಜಾಹೀರಾತಿಗೂ ಬಳಸುತ್ತಾರೆ. ಅದರ ಹಿಂದಿದ್ದ ವಾದ ಮಾತ್ರ ತೀರಾ ಖಚಿತವಾದದ್ದು. ಸಭಾಂಗಣ ಮೊದಲಿನಂತೆ ಉದ್ದ ಚೌಕವಾಗಿರಲಿ, ಎರಡು ಕಡೆ ಎದುರುಬದುರು ಬೆಂಚು ಇರಲಿ. ಅರ್ಧವೃತ್ತ ಬೇಡ, ಯಾಕೆಂದರೆ ಅರ್ಧವೃತ್ತದಲ್ಲಿ ಗಾಳಿ ಬೀಸಿದ ಕಡೆಗೆ ಒಂದೊಂದೇ ಕುರ್ಚಿ ಸರಿದುಕೊಂಡು ಯಾರಿಗೂ ಕಾಣದಂತೆ ಪಕ್ಷದ ಬಣ್ಣ ಬದಲಿಸಬಹುದು. ಎದುರುಬದುರು ಕೂತಲ್ಲಿ ಆಚೆ ಹೋಗಬೇಕಾದರೆ ಎಲ್ಲರ ಕಣ್ಣ ಮುಂದೆ ನಡು ಅಂಗಳ ದಾಟಬೇಕು. ತಾನು ಅದನ್ನು ಎರಡು ಸಲ ಮಾಡಿದವನು, ಅದರ ಕಷ್ಟ ತನಗೆ ಗೊತ್ತು ಎಂದೂ ಹೇಳಿಕೊಂಡರು. ಪಕ್ಷಾಂತರದ ಬಗ್ಗೆ ಪಕ್ಷಾಂತರಿಯೇ ಮಾಡಿದ ಇಷ್ಟು ಉಪಯುಕ್ತ ಭಾಷಣ ನಾನು ಬೇರೆ ಓದಿಲ್ಲ.

ಎರಡನೇ ವಾದ ಇನ್ನೂ ವಿಚಿತ್ರ. ಎಲ್ಲ ಸದಸ್ಯರಿಗೂ ಸಾಕಾಗುವಷ್ಟು ಜಾಗ ಇರಕೂಡದು! ದೊಡ್ಡ ಸಭಾಂಗಣದಲ್ಲಿ ಹತ್ತರಲ್ಲಿ ಒಂಬತ್ತು ಚರ್ಚೆಗಳು ಖಾಲಿ ಕುರ್ಚಿಗಳ ಮುಂದೆ ನಡೆಯುತ್ತವೆ. ಚಿಕ್ಕದಾಗಿದ್ದರೆ ಮಾಮೂಲಿ ದಿನ ಮಾತುಕತೆಯಂತೆ ನಡೆಯುತ್ತದೆ, ದೊಡ್ಡ ದಿನ ಜನ ಕಿಕ್ಕಿರಿದು ನಿಂತು ಅಂದಿನ ತೂಕ ಎಲ್ಲರಿಗೂ ತಿಳಿಯುತ್ತದೆ. ಜೇಮ್ಸ್ ಮ್ಯಾಕ್ಸ್‌ಟನ್ ಎಂಬ ಸಮಾ­ಜವಾದಿ ಸದಸ್ಯರು ಇದನ್ನು ಒಪ್ಪದೆ, ಊರ ಹೊರಗೆ ಹೊಸದಾಗಿ, ಚೆಂದವಾಗಿ, ವಿಶಾಲವಾಗಿ ಕಟ್ಟೋಣ ಎಂದರು. ಅವರ ಮಾತು ನಡೆಯಲಿಲ್ಲ. ಇಂದಿಗೂ ಅಲ್ಲಿ 650 ಸದಸ್ಯರಿಗೆ ಇರುವ ಆಸನ 427. ನಮ್ಮ ಹೊಸ ಲೋಕಸಭೆಯಲ್ಲಿ 543 ಸದಸ್ಯರಿಗೆ 888 ಆಸನ. ಯಾವುದು ಸರಿ ಎಂಬ ತೀರ್ಪು ಕೊಡುವುದಿಲ್ಲ. ಖಾಲಿ ಕುರ್ಚಿಗಳು ಟಿವಿಯಲ್ಲಿ ಹೇಗೆ ಕಾಣುತ್ತವೆ ಎಂಬುದು ಎಲ್ಲರಿಗೂ ಗೊತ್ತು.

ಕಳೆದ ಸಲ ವಿಧಾನಸಭೆ ಅಧಿವೇಶನ ನಡೆಯುವಾಗ ನಮ್ಮ ಮನೆಯ ಹುಡುಗನೊಬ್ಬ ಸುದ್ದಿ ಓದುತ್ತಾ, “ಅಜ್ಜಾ, ವಿಧಾನಸೌಧದಲ್ಲಿ ಬಾವಿ ಎಲ್ಲಿದೆ?” ಎಂದು ಕೇಳಿದ. ‘ಸದನದ ಬಾವಿಗಿಳಿದು ಧರಣಿ’ ಎಂದು ಪತ್ರಿಕೆಯಲ್ಲಿತ್ತು. ಕುರ್ಚಿಗಳು ಅರ್ಧವೃತ್ತದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವುದರಿಂದ, ಸ್ಪೀಕರ್ ಪೀಠದ ಮುಂದೆ ಒಂದು ತಗ್ಗು ಜಾಗ ಉಳಿಯುತ್ತದೆ, ಅದೇ ಬಾವಿ ಎಂದು ವಿವರಿಸಿದೆ. ಹೇಳುತ್ತಾ ಹೊಳೆಯಿತು, ಲಂಡನ್ನಿನ ಆ ಉದ್ದ ಕೋಣೆಯಲ್ಲಿ ಇಳಿಯಲು ಬಾವಿಯೇ ಇಲ್ಲ. ಇರುವುದು ಎರಡು ಬೆಂಚುಗಳ ನಡುವಿನ ಓಣಿ, ಅದರ ಜಮಖಾನದ ಮೇಲೆ ಎರಡು ಕೆಂಪು ಗೆರೆ, ಮಾತಾಡುವವರು ಆ ಗೆರೆ ದಾಟಕೂಡದು. ಎರಡು ಕತ್ತಿಗಳು ಒಂದಕ್ಕೊಂದು ತಾಗದಷ್ಟು ಅಂತರ ಎಂಬುದು ಐತಿಹ್ಯ. ನಮ್ಮಲ್ಲಿ ಸಿಟ್ಟು ಬಂದವರು ಇಳಿಯುತ್ತಾರೆ, ಅಲ್ಲಿ ಗೆರೆಯ ಹಿಂದೆ ನಿಂತು ಕೂಗುತ್ತಾರೆ. ಬಡಗಿ ಹಾಕಿದ ಬೆಂಚಿನ ಆಕಾರ ಜಗಳದ ಆಕಾರವನ್ನೂ ತೀರ್ಮಾನಿಸಿಬಿಟ್ಟಿದೆ.

ಕಟ್ಟುವ ಕೆಲಸ ಸಿಕ್ಕಿದ್ದು ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರಿಗೆ. ಲಂಡನ್ನಿನ ಕೆಂಪು ಟೆಲಿಫೋನ್ ಪೆಟ್ಟಿಗೆ ಅವರದೇ ವಿನ್ಯಾಸ. 1948ರ ಮೇ ತಿಂಗಳಲ್ಲಿ ಅಡಿಗಲ್ಲು, 1950ರ ಅಕ್ಟೋಬರ್ 26ರಂದು ಮೊದಲ ಕಲಾಪ. ಸಭಾಂಗಣದ ಮೊಗಸಾಲೆಯ ಕಮಾನಿಗೆ ಮಾತ್ರ ಹೊಸ ಕಲ್ಲು ಬಳಸಲಿಲ್ಲ. ಬೆಂಕಿಯಲ್ಲಿ ಸುಟ್ಟು, ಮೂಲೆ ಮುಕ್ಕಾಗಿ, ಸಿಬಿರೆದ್ದ ಕಲ್ಲುಗಳನ್ನೇ ಹೆಕ್ಕಿ ಮತ್ತೆ ಜೋಡಿಸಿದರು. ಚರ್ಚಿಲ್ ಸೂಚನೆ ಅದು, ಅವರ ಹೆಸರಿನಲ್ಲೇ ಕರೆಯುತ್ತಾರೆ. ಒಪ್ಪಓರಣದ ಗೋಥಿಕ್ ಕೆತ್ತನೆಗಳ ನಡುವೆ ಸಿಡುಬಿನ ಕಲೆಯ ಮುಖದಂತೆ ಅದು ನಿಂತಿದೆ. ಸದಸ್ಯರು ದಿನಾ ಅದರ ಕೆಳಗೇ ಹಾದು ಒಳಗೆ ಹೋಗಬೇಕು.

ಇನ್ನು ನಮ್ಮ ಊರಿನ ತುದಿ.

1941ರ ಮೇ ತಿಂಗಳಿಂದ 1950ರ ಅಕ್ಟೋಬರ್‌ವರೆಗೆ, ಹೆಚ್ಚುಕಡಿಮೆ ಒಂಬತ್ತು ವರ್ಷ, ಕಾಮನ್ಸ್ ಸಭೆಗೆ ಸ್ವಂತ ಮನೆ ಇರಲಿಲ್ಲ. ಆ ಒಂಬತ್ತು ವರ್ಷಗಳ ನಡುವೆ 1947ರ ಜುಲೈ ಬರುತ್ತದೆ. ಭಾರತ ಸ್ವಾತಂತ್ರ್ಯ ಮಸೂದೆ ಜುಲೈ 4ರಂದು ಮಂಡನೆಯಾಯಿತು. 10ರಂದು ಪ್ರಧಾನಿ ಅಟ್ಲಿ ಅದರ ಮೇಲೆ ಮಾತಾಡಿದರು, 15ರಂದು ಕಾಮನ್ಸ್‌ನಲ್ಲಿ ಪಾಸಾಯಿತು, 16ರಂದು ಲಾರ್ಡ್ಸ್‌ನಲ್ಲಿ, 18ರಂದು ದೊರೆಯ ಒಪ್ಪಿಗೆ. ಎರಡು ವಾರದ ಕೆಲಸ. ಅಟ್ಲಿ ಮಾತಾಡಿದ್ದು ಚಿತ್ರಗಳಲ್ಲಿ ನಾವು ಕಾಣುವ ಹಸಿರು ಬೆಂಚುಗಳ ನಡುವೆ ಅಲ್ಲ, ಲಾರ್ಡ್ಸ್ ಬಿಟ್ಟುಕೊಟ್ಟ ಎರವಲು ಸಭಾಂಗಣದಲ್ಲಿ. ಲಾರ್ಡ್ಸ್ ಕೂತಿದ್ದದ್ದು ದೊರೆ ಕಿರೀಟ ಇಟ್ಟುಕೊಳ್ಳುವ ಆ ಕೋಣೆಯಲ್ಲಿ. ಆ ಕಾಯ್ದೆಯ ಏಳನೇ ಸೆಕ್ಷನ್ ದೊರೆಯ ಬಿರುದಾವಳಿಯಿಂದ ‘ಭಾರತದ ಚಕ್ರವರ್ತಿ’ ಎಂಬುದನ್ನು ತೆಗೆದುಹಾಕಲು ಒಪ್ಪಿಗೆ ಕೊಡುತ್ತದೆ.

ಅದೇ ಸೆಕ್ಷನ್ನಿನಲ್ಲಿ ದೇಶೀ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಕಾರ ಆಗಸ್ಟ್ 15ಕ್ಕೆ ಕೊನೆಯಾಗುತ್ತದೆ ಎಂದೂ ಇದೆ. ಆ ಸಾಲಿನ ಬಿಸಿ ಕನ್ನಡ ನಾಡಿಗೆ ಚೆನ್ನಾಗಿಯೇ ತಟ್ಟಿತು. ಮೈಸೂರು ಒಕ್ಕೂಟ ಸೇರಿದರೂ ಜವಾಬ್ದಾರಿ ಸರ್ಕಾರ ಬರಲಿಲ್ಲ ಎಂದು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಹೂಡಬೇಕಾಯಿತು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಸರ್ಕಾರ ಬಂತು. ಬೀದರ್, ಕಲಬುರಗಿ, ರಾಯಚೂರಿನವರು ನಿಜಾಮನ ಕೈಯಿಂದ ಬಿಡಿಸಿಕೊಳ್ಳಲು 1948ರ ಸೆಪ್ಟೆಂಬರ್‌ವರೆಗೆ ಕಾದರು.

1950ರಲ್ಲಿ ಹೊಸ ಸಭಾಂಗಣ ಸಿದ್ಧವಾದಾಗ ಕಾಮನ್‌ವೆಲ್ತ್ ದೇಶಗಳು ಒಂದೊಂದು ವಸ್ತು ಕಳಿಸಿದವು. ಸ್ಪೀಕರ್ ಪೀಠ ಆಸ್ಟ್ರೇಲಿಯಾದ್ದು. ನಡುವಿನ ದೊಡ್ಡ ಮೇಜು ಕೆನಡಾದ್ದು. ಮಂತ್ರಿಗಳು ಕೈಯೂರಿ ಮಾತಾಡುವ ಎರಡು ಪೆಟ್ಟಿಗೆಗಳು ನ್ಯೂಜಿಲೆಂಡಿನ ಪುರಿರಿ ಮರದವು. ಒಳಗೆ ಹೋಗುವ ಬಾಗಿಲುಗಳನ್ನು ಕಳಿಸಿದ್ದು ಭಾರತ ಮತ್ತು ಪಾಕಿಸ್ತಾನ.